ಕೈಯಲ್ಲಿ ಕಟ್ಟಿದ ಬ್ಯಾಟರಿ ಡಬ್ಬಿ: ಕೆಟ್ಟರೆ ಆಫ್ ಆಗಿಯೇ ಕೆಡಬೇಕು

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಜೊತೆಗೆ ಒಂದಷ್ಟು ಜೇನುಪೆಟ್ಟಿಗೆ ಇಟ್ಟಿದ್ದೇವೆ. ವಿದೇಶದ ಹವ್ಯಾಸಿಗಳು ಮನೆಯಲ್ಲೇ ಕಟ್ಟುವ, ವೋಲ್ಟೇಜ್ ಹೆಚ್ಚು ಕಡಿಮೆ ಮಾಡಬಹುದಾದ ವೇಪ್ (ಇ-ಸಿಗರೇಟ್) ಡಬ್ಬಿಗಳ ವಿಡಿಯೊ ನೋಡಿದೆ. ಬಟನ್ ಲಾಕ್, ಹತ್ತು ಸೆಕೆಂಡಿಗೆ ತಾನೇ ಆಫ್ ಆಗುವುದು, ಡಿಸ್‌ಪ್ಲೇ, ಒಳಗೇ ಚಾರ್ಜಿಂಗ್, ಹೀಗೆ ಏನೇನೋ ಇರುತ್ತದೆ. ಇವುಗಳಲ್ಲಿ ನಿಜಕ್ಕೂ ಅಪಾಯ ತಪ್ಪಿಸುವುದು ಯಾವುದು, ಬರೀ ಅನುಕೂಲಕ್ಕೆ ಇರುವುದು ಯಾವುದು? ಅದೇ ಸರ್ಕ್ಯೂಟಿನಿಂದ ಜೇನು ಚೌಕಟ್ಟಿನ ತಂತಿ ಬಿಸಿ ಮಾಡಿ ಮೇಣದ ಹಾಳೆ ಕೂರಿಸಬಹುದು ಅಂತ ಅಣ್ಣ ಹೇಳುತ್ತಾನೆ. ಹಳೆ ಲ್ಯಾಪ್‌ಟಾಪಿನ ಸೆಲ್ ಹಾಕಿದರೆ ನಡೆಯುತ್ತದೆಯೇ?

ಉತ್ತರ: ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಕರ್ನಾಟಕದಲ್ಲಿ ಇ-ಸಿಗರೇಟ್ ಮಾರಾಟಕ್ಕೆ 2016ರಲ್ಲೇ ನಿಷೇಧ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದೇ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ಉಸಿರಿಗೆ ಎಳೆದುಕೊಳ್ಳುವ ಹಬೆಗಾಗಿ ಯಾವುದೇ ವಸ್ತುವನ್ನು ಬಿಸಿ ಮಾಡುವ ಎಲೆಕ್ಟ್ರಾನಿಕ್ ಸಾಧನ ಅದರ ವ್ಯಾಪ್ತಿಗೆ ಬರುತ್ತದೆ, ಒಳಗೆ ನಿಕೋಟಿನ್ ಇರಲಿ ಬಿಡಲಿ. ತಯಾರಿಕೆಯೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ವೇಪ್ ಡಬ್ಬಿಯನ್ನು ಕಟ್ಟಬೇಡಿ, ಗೆಳೆಯರಿಗೂ ಕಟ್ಟಿಕೊಡಬೇಡಿ. ಸರ್ಕ್ಯೂಟನ್ನು ಓದಿ ಕಲಿಯುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿಯಲ್ಲಿ ಲಿಥಿಯಂ ಸೆಲ್ಲಿನಿಂದ ಹತ್ತಾರು ವಾಟ್ ಎಳೆಯುವಾಗ ಏನೇನು ಹಾಳಾಗಬಹುದು ಅನ್ನುವುದನ್ನು ಆ ಹವ್ಯಾಸಿಗಳು ಕೈ ಸುಟ್ಟುಕೊಂಡು ಕಲಿತಿದ್ದಾರೆ. ಆ ಪಾಠ ನಿಮ್ಮ ಜೇನು ಚೌಕಟ್ಟಿಗೆ ನೇರವಾಗಿ ಬೇಕಾಗುತ್ತದೆ, ಅಣ್ಣ ಹೇಳಿದ್ದು ಸರಿಯಾಗಿದೆ.

ಆ ಡಬ್ಬಿಗಳ ಒಳಗೆ ಇರುವುದು ಬಹಳ ಸರಳ. 18650 ಅಳತೆಯ (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ) ಎರಡು ಸೆಲ್‌ಗಳು ಸೀರೀಸ್‌ನಲ್ಲಿ, ವೋಲ್ಟೇಜನ್ನು ಹಿಡಿತದಲ್ಲಿಡುವ ಒಂದು ರೆಗ್ಯುಲೇಟರ್ ಮಾಡ್ಯೂಲ್, ಒಂದು ಬಟನ್, ಒಂದು ತಿರುಗುಗುಂಡಿ, ಕೊನೆಗೆ ಬಿಸಿಯಾಗುವ ತಂತಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಟಿಆರ್08100, ಮುರಾಟಾದ ಓಕೆಆರ್-ಟಿ/10 ಅನ್ನುವ ಮಾಡ್ಯೂಲ್‌ಗಳು ಇದಕ್ಕೆ ಹೆಸರಾಗಿದ್ದವು. ಎರಡೂ 4.5ರಿಂದ 14 ವೋಲ್ಟ್ ಒಳಗೆ ತೆಗೆದುಕೊಂಡು ಸುಮಾರು 0.6ರಿಂದ 5.5 ವೋಲ್ಟ್ ಹೊರಗೆ ಕೊಡುತ್ತವೆ, 10 ಆಂಪಿಯರ್‌ವರೆಗೆ. ವೋಲ್ಟೇಜ್ ತಿರುಗಿಸುವ ಅಗತ್ಯ ಯಾಕೆ ಬಂತೆಂದರೆ, ತುಂಬಿದ ಸೆಲ್ 4.2 ವೋಲ್ಟ್‌ನಲ್ಲಿ ಶುರುವಾಗಿ ಇಳಿಯುತ್ತಾ ಹೋಗುತ್ತದೆ, ತಂತಿಯ ಬಿಸಿಯೋ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡು ಓಮ್ ತಂತಿಗೆ 3.7 ವೋಲ್ಟ್ ಕೊಟ್ಟರೆ ಸುಮಾರು 6.8 ವಾಟ್, 5 ವೋಲ್ಟ್ ಕೊಟ್ಟರೆ 12.5 ವಾಟ್. ಗುಂಡಿಯನ್ನು ತುಸು ತಿರುಗಿಸಿದರೂ ಬಿಸಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಸುರಕ್ಷತೆ ಯಾವುದು, ಅನುಕೂಲ ಯಾವುದು ಎಂದು ಬೇರ್ಪಡಿಸಲು ನಾನು ಪ್ರತಿಯೊಂದು ಭಾಗಕ್ಕೂ ಒಂದೇ ಪ್ರಶ್ನೆ ಹಾಕುತ್ತೇನೆ: ಇದು ಕೆಟ್ಟಾಗ ಡಬ್ಬಿ ಆಫ್ ಆಗಿ ಉಳಿಯುತ್ತದೆಯೋ, ಆನ್ ಆಗಿ ಉಳಿಯುತ್ತದೆಯೋ? ಎಲ್ಲ ಭಾಗಗಳೂ ಒಂದು ದಿನ ಕೆಡುತ್ತವೆ. ಮಲೆನಾಡಿನಲ್ಲಿ ಬೇಗ ಕೆಡುತ್ತವೆ. ಕೆಟ್ಟ ಡಬ್ಬಿ ತಣ್ಣಗಿದ್ದರೆ ರಿಪೇರಿಯ ಮಾತು, ಬಿಸಿಯಾಗುತ್ತಲೇ ಇದ್ದರೆ ಬೆಂಕಿಯ ಮಾತು.

ತಿರುಗುಗುಂಡಿಯನ್ನೇ ತೆಗೆದುಕೊಳ್ಳಿ, ನೋಡಿದರೆ ಬರೀ ಅನುಕೂಲ ಅನ್ನಿಸುತ್ತದೆ. ಓಕೆಆರ್-ಟಿ/10 ಮಾಡ್ಯೂಲಿನಲ್ಲಿ ವೋಲ್ಟೇಜ್ ಹೊಂದಿಸುವ ಟ್ರಿಮ್ ಪಿನ್ನಿಂದ ಗ್ರೌಂಡಿಗೆ ಹಾಕಿದ ರೆಸಿಸ್ಟೆನ್ಸ್ ಕಡಿಮೆಯಾದಷ್ಟೂ ವೋಲ್ಟೇಜ್ ಏರುತ್ತದೆ. 1182ನ್ನು ಆ ಓಮ್ ಸಂಖ್ಯೆಯಿಂದ ಭಾಗಿಸಿ 0.591 ಕೂಡಿಸಿದರೆ ಔಟ್‌ಪುಟ್ ವೋಲ್ಟ್ ಸಿಗುತ್ತದೆ. ಬರೀ 500 ಓಮ್ ಪಾಟ್ (ತಿರುಗುಗುಂಡಿಯ ರೆಸಿಸ್ಟರ್) ಹಾಕಿ ಕೊನೆಯವರೆಗೆ ತಿರುಗಿಸಿದರೆ ರೆಸಿಸ್ಟೆನ್ಸ್ ಸೊನ್ನೆಗೆ ಬಂದು ಮಾಡ್ಯೂಲ್ ತನ್ನ ಮಿತಿ ದಾಟಲು ಹೊರಡುತ್ತದೆ. ಅದೇ ಪಾಟ್ ಜೊತೆಗೆ 270 ಓಮಿನ ಒಂದು ರೆಸಿಸ್ಟರನ್ನು ಸೀರೀಸ್‌ನಲ್ಲಿ ಸೇರಿಸಿ. ಒಂದು ತುದಿಯಲ್ಲಿ 2.1 ವೋಲ್ಟ್, ಇನ್ನೊಂದು ತುದಿಯಲ್ಲಿ 5 ವೋಲ್ಟ್ ಹತ್ತಿರ ಬಂದು ನಿಲ್ಲುತ್ತದೆ. ಪಾಟ್ ಒಳಗೇ ಶಾರ್ಟ್ ಆದರೂ ಅದಕ್ಕಿಂತ ಮೇಲೆ ಹೋಗದು. ಪಾಟಿನ ಒಳಗಿನ ಸಂಪರ್ಕ ಕಿತ್ತುಹೋದರೆ ಔಟ್‌ಪುಟ್ 0.6 ವೋಲ್ಟಿಗೆ ಕುಸಿಯುತ್ತದೆ, ಹೆಚ್ಚುಕಡಿಮೆ ಆಫ್. ಐವತ್ತು ಪೈಸೆಯೂ ಬೀಳದ ಆ ರೆಸಿಸ್ಟರನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನಗೆ ಅದು ಡಿಸ್‌ಪ್ಲೇಗಿಂತ ನೂರು ಪಾಲು ಮುಖ್ಯ.

ಬಟನ್ ಕಥೆ ಇನ್ನೂ ಗಂಭೀರ. ಹತ್ತು ಆಂಪಿಯರನ್ನು ಚಿಕ್ಕ ಬಟನ್ ಮೂಲಕವೇ ಹರಿಸಿದರೆ ಅದರ ಸಂಪರ್ಕದ ತಗಡುಗಳು ಕಿಡಿಗೆ ಕರಗಿ ಅಂಟಿಕೊಳ್ಳುತ್ತವೆ. ಬೆರಳು ತೆಗೆದರೂ ಕರೆಂಟ್ ನಿಲ್ಲುವುದಿಲ್ಲ. ಅದಕ್ಕಾಗಿ ಬಟನ್ ಬರೀ ಸೂಚನೆ ಕೊಡುವಂತೆ ಮಾಡಿ, ಭಾರ ಹೊರುವುದನ್ನು ಎಲೆಕ್ಟ್ರಾನಿಕ್ ಸ್ವಿಚ್ ಆದ ಮಾಸ್‌ಫೆಟ್‌ಗೋ ರೆಗ್ಯುಲೇಟರನ್ನು ಆನ್-ಆಫ್ ಮಾಡುವ ಎನೇಬಲ್ ಪಿನ್ನಿಗೋ ಬಿಡುತ್ತಾರೆ. ಇಲ್ಲಿ ಎರಡು ಹಳ್ಳಗಳಿವೆ, ಬೀಳದೆ ನೋಡಿಕೊಳ್ಳಿ. ಒಂದು, ಮಾಸ್‌ಫೆಟ್ ಸುಟ್ಟಾಗ ಸಾಮಾನ್ಯವಾಗಿ ಒಳಗೇ ಶಾರ್ಟ್ ಆಗಿ ಸುಡುತ್ತದೆ, ಅಂದರೆ ಆನ್ ಆಗಿ ಕೆಡುತ್ತದೆ. ಎರಡು, ಕೆಲವು ಮಾಡ್ಯೂಲ್‌ಗಳಲ್ಲಿ ಎನೇಬಲ್ ಪಿನ್ ಖಾಲಿ ಬಿಟ್ಟರೆ ಅದು ಓಡುತ್ತಲೇ ಇರುತ್ತದೆ, ಕೆಲವದರಲ್ಲಿ ನಿಲ್ಲುತ್ತದೆ. ಓಡುವ ಜಾತಿಯದಾದರೆ ಆ ಒಂದು ತೆಳು ವೈರ್ ಬೆಸುಗೆ ಬಿಟ್ಟ ಕ್ಷಣ ಡಬ್ಬಿ ತಾನಾಗಿಯೇ ಆನ್. ಡೇಟಾಶೀಟ್ ಓದಿಯೇ ಮಾಡ್ಯೂಲ್ ಆರಿಸಿ. ಮಾಸ್‌ಫೆಟ್ ಹಾಕಿದರೆ ಗೇಟಿನಿಂದ ಸೋರ್ಸಿಗೆ 10 ಕಿಲೋಓಮ್ ರೆಸಿಸ್ಟರ್ ತಪ್ಪದೆ ಹಾಕಿ. ಅದಿಲ್ಲದ ಗೇಟ್ ತೇಲುತ್ತಿರುತ್ತದೆ, ಜಡಿಮಳೆಯ ತಿಂಗಳಲ್ಲಿ ಬೋರ್ಡಿನ ಮೇಲೆ ಕೂತ ತೇವವೇ ಅದನ್ನು ಅರ್ಧ ತೆರೆಯಲು ಸಾಕು.

ಹತ್ತು ಸೆಕೆಂಡಿನ ಕಟ್-ಆಫ್ ಒಳ್ಳೆಯದು, ಆದರೆ ಅದು ಏನನ್ನು ಕಾಯುತ್ತದೆ ಅನ್ನುವುದು ತಿಳಿದಿರಬೇಕು. ಜೇಬಿನಲ್ಲಿ ಬಟನ್ ಒತ್ತಿಹೋದರೆ ಕಾಯುತ್ತದೆ. ಮಾಸ್‌ಫೆಟ್ ಶಾರ್ಟ್ ಆಗಿದ್ದರೆ ಟೈಮರ್ ಎಷ್ಟೇ ಕೂಗಿದರೂ ಕೇಳುವವರಿಲ್ಲ. ನೀವು 555 ಐಸಿಯಿಂದ ಟೈಮರ್ ಮಾಡುವವರೇ ಇರಬೇಕು. 100 ಕಿಲೋಓಮ್, 47 ಮೈಕ್ರೋಫ್ಯಾರಡ್ ಹಾಕಿದರೆ ಐದು ಸೆಕೆಂಡು ಬರುತ್ತದೆ ಅಂತ ಪಾಠದಲ್ಲಿದೆ. ಟೈಮರನ್ನು ಶುರುಮಾಡುವ ಟ್ರಿಗರ್ ಪಿನ್ ಆ ಐದು ಸೆಕೆಂಡು ಕಳೆದ ಮೇಲೂ ಗ್ರೌಂಡಿಗೇ ಒತ್ತಿಕೊಂಡಿದ್ದರೆ ಔಟ್‌ಪುಟ್ ಇಳಿಯುವುದೇ ಇಲ್ಲ. ಸಿಕ್ಕಿಹಾಕಿಕೊಂಡ ಬಟನ್‌ಗೆಂದು ಹಾಕಿದ ಟೈಮರ್ ಸಿಕ್ಕಿಹಾಕಿಕೊಂಡ ಬಟನ್ ಎದುರೇ ಸೋಲುತ್ತದೆ. ಬಟನ್ ಮತ್ತು ಟ್ರಿಗರ್ ನಡುವೆ ಒಂದು ಸಣ್ಣ ಕೆಪಾಸಿಟರ್ ಇಟ್ಟು, ಟ್ರಿಗರ್ ಪಿನ್ನನ್ನು ರೆಸಿಸ್ಟರ್ ಮೂಲಕ ಪಾಸಿಟಿವ್‌ಗೆ ಕಟ್ಟಿದರೆ ಒತ್ತಿದ ಕ್ಷಣ ಮಾತ್ರ ಸಂಕೇತ ಹೋಗುತ್ತದೆ, ತೊಂದರೆ ತೀರುತ್ತದೆ.

ಐದು ಸಲ ಒತ್ತಿದರೆ ಲಾಕ್ ಆಗುವ ವ್ಯವಸ್ಥೆ ಪೂರಾ ಸಾಫ್ಟ್‌ವೇರ್ ಮೇಲೆ ನಿಂತದ್ದು. ಇರಲಿ, ಬೇಡ ಅನ್ನುವುದಿಲ್ಲ. ಅದರ ಬದಲು ಡಬ್ಬಿಯ ಮೈಯಿಂದ ತುಸು ಒಳಗೆ ಕೂತ ಬಟನ್, ಜೊತೆಗೆ ಸೆಲ್ಲಿನ ದಾರಿಯನ್ನೇ ಕಡಿಯುವ ಒಂದು ಗಟ್ಟಿ ಸ್ವಿಚ್ ಇದ್ದರೆ ನನಗೆ ಹೆಚ್ಚು ನೆಮ್ಮದಿ. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರ ಕೊನೆಯವರೆಗೆ ಮಾಧ್ಯಮಗಳಲ್ಲಿ ವರದಿಯಾದ 195 ಇ-ಸಿಗರೇಟ್ ಬೆಂಕಿ ಮತ್ತು ಸ್ಫೋಟಗಳನ್ನು ಲೆಕ್ಕ ಹಾಕಿತ್ತು. 61 ಘಟನೆಗಳು ಸಾಧನವೋ ಬಿಡಿ ಸೆಲ್ಲೋ ಜೇಬಿನಲ್ಲಿದ್ದಾಗ, 60 ಬಳಸುತ್ತಿದ್ದಾಗ, 48 ಚಾರ್ಜ್ ಆಗುತ್ತಿದ್ದಾಗ ನಡೆದವು. ಗಾಯಗೊಂಡವರು 133, ಅದರಲ್ಲಿ 38 ತೀವ್ರ ಗಾಯ. ಬಳಸುವಾಗಿನಷ್ಟೇ ಅನಾಹುತ ಜೇಬಿನಲ್ಲೂ ಆಗಿದೆ ನೋಡಿ. ನಮ್ಮ ಕಡೆ ಇದನ್ನು ಇನ್ನೂ ಎಚ್ಚರದಿಂದ ಕೇಳಬೇಕು. ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿ, ಸುಣ್ಣದ ತಗಡಿನ ಡಬ್ಬಿ, ಚಿಲ್ಲರೆ ಕಾಸು ಎಲ್ಲ ಒಟ್ಟಿಗೆ ಇರುತ್ತವೆ. ಅದರ ಜೊತೆ ಬಿಡಿ ಸೆಲ್ಲನ್ನು ಯಾವ ಕಾರಣಕ್ಕೂ ಹಾಕಬೇಡಿ. ಲಿಥಿಯಂ ಸೆಲ್ಲಿನ ಇಡೀ ಮೈ ನೆಗೆಟಿವ್, ಮೇಲಿನ ಪ್ಲಾಸ್ಟಿಕ್ ಹೊದಿಕೆಯೊಂದೇ ಅದಕ್ಕೆ ರಕ್ಷೆ. ಪಾಸಿಟಿವ್ ತುದಿಯ ಸುತ್ತಲಿನ ಅಂಚು ಕೂಡ ನೆಗೆಟಿವ್ವೇ. ಹೊದಿಕೆ ಅಲ್ಲಿ ಉಗುರಿನಷ್ಟು ಹರಿದಿದ್ದರೂ ಒಂದು ನಾಣ್ಯ ಸಾಕು. ಬಿಡಿ ಸೆಲ್ಲಿಗೆ ಪ್ಲಾಸ್ಟಿಕ್ ಪೆಟ್ಟಿಗೆ ಸಿಗುತ್ತದೆ, ಅದರಲ್ಲೇ ಇಡಿ.

ಫ್ಯೂಸ್ ಬಗ್ಗೆ ರಾಜಿ ಬೇಡ. ಮಾಸ್‌ಫೆಟ್ ಶಾರ್ಟ್ ಆಗಲಿ, ವೈರ್ ಉಜ್ಜಿ ಡಬ್ಬಿಗೆ ತಾಗಲಿ, ಕೊನೆಯ ಕಾವಲು ಅದೇ. ಅದನ್ನು ಸೆಲ್ಲಿನ ಪಾಸಿಟಿವ್ ತುದಿಗೆ ಅಂಟಿಕೊಂಡಂತೆ ಕೂರಿಸಿ. ಫ್ಯೂಸ್‌ಗೆ ಮುಂಚಿನ ವೈರಿಗೆ ರಕ್ಷಣೆ ಇಲ್ಲ, ಆ ವೈರ್ ಉದ್ದವಾದಷ್ಟೂ ಅಪಾಯ ಉದ್ದ. ತಾನೇ ಮತ್ತೆ ಕೂಡಿಕೊಳ್ಳುವ ಪಿಟಿಸಿ ಫ್ಯೂಸ್ ಅನುಕೂಲವೇನೋ ಹೌದು, ಆದರೆ ನಿಧಾನ, ಮೇಲಾಗಿ ಸ್ವಿಚ್ ಆಫ್ ಮಾಡಿ ತಣ್ಣಗಾದ ಮೇಲೆ, ದೋಷ ಹಾಗೇ ಉಳಿದಿದ್ದರೂ ಮತ್ತೆ ಕರೆಂಟ್ ಬಿಡುತ್ತದೆ. ಒಮ್ಮೆ ಸುಟ್ಟರೆ ಮುಗಿಯಿತು ಅನ್ನುವ ಬ್ಲೇಡ್ ಫ್ಯೂಸನ್ನೇ ನಾನು ಆರಿಸುತ್ತೇನೆ, ಯಾಕೆ ಸುಟ್ಟಿತು ಅಂತ ಡಬ್ಬಿ ಬಿಚ್ಚಿ ನೋಡುವಂತೆ ಅದು ಒತ್ತಾಯಿಸುತ್ತದೆ. ಅಳತೆ ಆರಿಸುವಾಗ ಇನ್ನೊಂದು ನೆನಪಿರಲಿ. ರೆಗ್ಯುಲೇಟರ್ ಔಟ್‌ಪುಟ್ ವಾಟನ್ನು ಹಾಗೇ ಕಾಪಾಡುವುದರಿಂದ ಸೆಲ್ ಖಾಲಿಯಾದಂತೆ ಹೆಚ್ಚು ಕರೆಂಟ್ ಎಳೆಯುತ್ತದೆ. 40 ವಾಟ್ ಭಾರಕ್ಕೆ, ರೆಗ್ಯುಲೇಟರಿನ ಒಳನಷ್ಟವೂ ಸೇರಿ, ತುಂಬಿದ 8.4 ವೋಲ್ಟ್‌ನಲ್ಲಿ ಐದು ಆಂಪಿಯರ್‌ಗೆ ತುಸು ಮೇಲೆ, 6 ವೋಲ್ಟಿಗೆ ಇಳಿದಾಗ ಏಳನ್ನು ದಾಟುತ್ತದೆ. ದಣಿದ ಸೆಲ್ಲಿನ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ. ಸೆಲ್ಲು, ಫ್ಯೂಸು, ವೈರು ಮೂರನ್ನೂ ಆ ಕೊನೆಯ ಲೆಕ್ಕಕ್ಕೆ ಆರಿಸಬೇಕು.

ಮಾಡ್ಯೂಲ್ 4.5 ವೋಲ್ಟ್‌ಗಿಂತ ಕೆಳಗೆ ಓಡುವುದಿಲ್ಲ, ಅದೇ ಸೆಲ್ಲನ್ನು ಕಾಪಾಡುತ್ತದೆ ಅಂತ ಕೆಲವರು ನಂಬಿದ್ದಾರೆ. ತಪ್ಪು. ಒಟ್ಟು 4.5 ಅಂದರೆ ಒಂದು ಸೆಲ್ 3.3ರಲ್ಲಿ, ಇನ್ನೊಂದು 1.2ರಲ್ಲಿ ಇರಬಹುದು. ಸೀರೀಸ್‌ನಲ್ಲಿ ಕಟ್ಟಿದ ಎರಡು ಸೆಲ್ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ, ಒಂದು ಬಡಕಲಾದರೆ ಬಲವಾದದ್ದೇ ಅದನ್ನು ಎಳೆದಾಡಿ ಮುಗಿಸುತ್ತದೆ. ಹೀಗೆ ಅತಿಯಾಗಿ ಬತ್ತಿದ ಸೆಲ್ಲನ್ನು ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಸಾಧ್ಯತೆ ಇದೆ. ಆದ್ದರಿಂದ ಎರಡು ಸೆಲ್ಲಿಗೂ ಬೇರೆಬೇರೆಯಾಗಿ ಕಣ್ಣಿಡುವ ಪ್ರೊಟೆಕ್ಷನ್ ಬೋರ್ಡ್ ಬೇಕು. ಎರಡೂ ಒಂದೇ ತಯಾರಿಕೆ, ಒಂದೇ ವಯಸ್ಸಿನವಾಗಿ, ಸದಾ ಜೋಡಿಯಾಗಿಯೇ ಬಳಕೆಯಾಗಬೇಕು.

ಸೆಲ್ಲನ್ನು ಪ್ಯಾರಲಲ್ ಕಟ್ಟುವ ಡಬ್ಬಿಗಳೂ ಇವೆ. ಅಲ್ಲಿ ಕತ್ತಲಲ್ಲಿ ಒಂದು ಸೆಲ್ಲನ್ನು ತಿರುಗಾಮುರುಗಾ ಹಾಕಿದಿರೋ, ಎರಡರ ನಡುವೆ ನೇರ ಶಾರ್ಟ್, ಬಟನ್ ಒತ್ತುವುದೂ ಬೇಕಿಲ್ಲ. ಮುಖ್ಯ ಫ್ಯೂಸ್ ಆ ದಾರಿಯಲ್ಲಿ ಇರುವುದೇ ಇಲ್ಲ. ಕರೆಂಟ್ ಹೋದ ರಾತ್ರಿಯೇ ಇಂಥ ಡಬ್ಬಿ ಕೈಗೆತ್ತಿಕೊಳ್ಳುವ ನಮ್ಮ ಊರುಗಳಿಗೆ ಪ್ಯಾರಲಲ್ ಜೋಡಣೆ ಬೇಡ ಎಂದೇ ನನ್ನ ಸಲಹೆ. ತಲೆಕೆಳಗಾಗಿ ಇಟ್ಟರೆ ಸಂಪರ್ಕವೇ ಸಿಗದ ಹಾಗೆ ತಗ್ಗಿನಲ್ಲಿ ಪಾಸಿಟಿವ್ ತಗಡು ಕೂರಿಸಿದ ಹೋಲ್ಡರ್ ತನ್ನಿ.

ಡಬ್ಬಿಗೆ ಗಾಳಿರಂಧ್ರ ಬೇಕು. ಸೆಲ್ ಕೆರಳಿದರೆ ಪಾಸಿಟಿವ್ ತುದಿಯಿಂದ ಬಿಸಿ ಅನಿಲ ನುಗ್ಗುತ್ತದೆ. ದಾರಿ ಸಿಕ್ಕರೆ ಹೊಗೆ, ಸಿಗದಿದ್ದರೆ ಸ್ಫೋಟ. ಮಲೆನಾಡಿನ ಕಷ್ಟ ಇಲ್ಲೇ ಇದೆ. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ, ರಂಧ್ರ ಬಿಟ್ಟರೆ ತೇವ ಒಳಗೆ. ಹಾಗಂತ ಡಬ್ಬಿಯನ್ನು ಸಿಲಿಕೋನ್ ಬಳಿದು ಮುಚ್ಚಿಬಿಡುವುದು ಸರಿಯಲ್ಲ. ರಂಧ್ರ ಸೆಲ್ಲಿನ ಪಾಸಿಟಿವ್ ತುದಿಯ ಪಕ್ಕದಲ್ಲಿ, ಕೆಳಮುಖವಾಗಿ ಇರಲಿ, ಮೇಲೆ ಒತ್ತಡ ಬಂದ ಕೂಡಲೇ ಹಾರುವ ತೆಳು ಟೇಪ್ ಅಂಟಿಸಿ. ಬೋರ್ಡನ್ನು ಬೇರೆ ರೀತಿ ಕಾಪಾಡಿ. ಬೆಸುಗೆಯ ಫ್ಲಕ್ಸ್ ಉಳಿದರೆ ಅದೇ ತೇವ ಹೀರಿ ಹಸಿರು ಕಿಲುಬು ಹಿಡಿಸುತ್ತದೆ, ಆದ್ದರಿಂದ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿ, ತೇವ ತಡೆಯುವ ತೆಳು ಲೇಪ (ಕನ್ಫಾರ್ಮಲ್ ಕೋಟಿಂಗ್) ಬಳಿಯಿರಿ. ಸಂಪರ್ಕದ ತಗಡಿಗೂ ಪಾಟಿನ ಒಳಕ್ಕೂ ಅದು ತಾಗದಿರಲಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಕೈಯಲ್ಲಿ ಸೆಲ್ ಬದಲಿಸಬೇಡಿ, ಮೈಲುತುತ್ತದ ಉಪ್ಪು ಸ್ಪ್ರಿಂಗನ್ನು ತಿಂದುಹಾಕುತ್ತದೆ. ಸಾಗರ, ಸೊರಬದ ಗುಡಿಗಾರರ ಕೈಕೆಲಸ ನೋಡಿದವರಿಗೆ ಮರದ ಡಬ್ಬಿಯ ಆಸೆ ಹುಟ್ಟುವುದು ಸಹಜ, ನನಗೂ ಅದು ಚೆಂದ ಕಾಣುತ್ತದೆ. ಆದರೆ ಆಷಾಢದಲ್ಲಿ ಮರ ಉಬ್ಬಿ ಬ್ಯಾಟರಿ ಮುಚ್ಚಳ ಹಿಡಿದುಕೊಂಡರೆ ಬಿಸಿಯಾದ ಸೆಲ್ಲನ್ನು ತೆಗೆಯಲು ಆಗುವುದಿಲ್ಲ. ಎರಕದ ಅಲ್ಯೂಮಿನಿಯಂ ಡಬ್ಬಿಗೆ ಒಳಗೆ ಇನ್ಸುಲೇಷನ್ ಹಾಳೆ ಹಾಸಿ ಬಳಸಿ.

ಒಳಗೇ ಚಾರ್ಜಿಂಗ್ ಬೇಡ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಟಿಪಿ4056 ಬೋರ್ಡ್ ಒಂದೇ ಸೆಲ್ಲಿಗೆ, 4.2 ವೋಲ್ಟಿಗೆ ಮಾಡಿದ್ದು. ಸೀರೀಸ್ ಜೋಡಿಗೆ ಅದನ್ನು ಹಚ್ಚುವಂತಿಲ್ಲ. ಸೆಲ್ ಹೊರತೆಗೆದು, ಪ್ರತಿ ಸೆಲ್ಲಿಗೂ ಬೇರೆ ಖಾನೆಯಿರುವ ಚಾರ್ಜರಿನಲ್ಲಿ, ಕಣ್ಣೆದುರಿಗೆ ಚಾರ್ಜ್ ಮಾಡಿ. ಅಡಿಕೆ ಮೂಟೆಯ ಅಟ್ಟದಲ್ಲೋ ಹುಲ್ಲು ಒಟ್ಟಿದ ಕೊಟ್ಟಿಗೆಯಲ್ಲೋ ಬೇಡ. ಡಿಸ್‌ಪ್ಲೇ ಅನುಕೂಲವಷ್ಟೇ, ಆದರೂ ಒಂದು ಸಣ್ಣ ವೋಲ್ಟ್‌ಮೀಟರ್ ಹಾಕಿಕೊಳ್ಳಿ. ಸ್ವಿಚ್ ಆದಮೇಲಿನ ದಾರಿಗೆ ಕಟ್ಟಿ, ಇಲ್ಲದಿದ್ದರೆ ಅದೇ ಹಗಲು ರಾತ್ರಿ ಸೆಲ್ಲನ್ನು ಬತ್ತಿಸುತ್ತದೆ.

ಇನ್ನು ಜೇನು ಚೌಕಟ್ಟು. ಜೇನುಮೇಣ ಕರಗುವುದು ಸುಮಾರು 62ರಿಂದ 65 ಡಿಗ್ರಿಯಲ್ಲಿ, ಅಂದರೆ ತಂತಿ ಕೆಂಪಾಗುವ ಮಾತೇ ಇಲ್ಲ, ಹಾಳೆ ತಂತಿಗೆ ಕಚ್ಚಿಕೊಂಡರೆ ಸಾಕು. ಹೆಚ್ಚಾದರೆ ತಂತಿ ಹಾಳೆಯನ್ನು ಕೊಯ್ದು ಕೆಳಗೆ ಬೀಳಿಸುತ್ತದೆ. 0.4 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಂತಿ 60 ಸೆಂಟಿಮೀಟರಿಗೆ ಸುಮಾರು 3.5 ಓಮ್, 5 ವೋಲ್ಟ್ ಕೊಟ್ಟರೆ 7 ವಾಟ್, ಕೆಲವೇ ಸೆಕೆಂಡಿನ ಕೆಲಸ. ಅದೇ ಅಳತೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಸುಮಾರು 0.6 ಓಮ್ ಮಾತ್ರ. ಅದೇ 5 ವೋಲ್ಟಿಗೆ 8 ಆಂಪಿಯರ್ ಹರಿದು 40 ವಾಟ್ ದಾಟುತ್ತದೆ. ಅದಕ್ಕೆ 2.1 ವೋಲ್ಟ್ ಕೊಟ್ಟರೆ ಮತ್ತೆ 7 ವಾಟ್ ಆಸುಪಾಸು. ಗುಂಡಿಯ ಒಂದು ತುದಿ ಒಂದು ತಂತಿಗೆ, ಇನ್ನೊಂದು ತುದಿ ಇನ್ನೊಂದಕ್ಕೆ ಸರಿಹೊಂದುವುದು ಹೀಗೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಪ್ರತಿ ಸಲ ಕಡಿಮೆ ತುದಿಯಿಂದಲೇ ಶುರುಮಾಡಿ, ಟೈಮರನ್ನು ಐದು ಸೆಕೆಂಡಿಗೆ ಇಡಿ. ಮೊದಲ ಪ್ರಯೋಗ ಮೇಣವಿಲ್ಲದ ಬರೀ ತಂತಿಯ ಮೇಲೆ ಮಾಡಿ.

ಈ ಕೆಲಸಕ್ಕೆ ಡಬ್ಬಿ ಜೇಬಿಗೆ ಹೋಗಬೇಕಿಲ್ಲ, ಮೇಜಿನ ಮೇಲೆ ಕೂತರೆ ಆಯಿತು. ಆದ್ದರಿಂದ 18650 ಬಿಟ್ಟು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಎರಡನ್ನು ಸೀರೀಸ್ ಕಟ್ಟಿ. ಒಂದೊಂದು 3.2 ವೋಲ್ಟ್, ಜೋಡಿ 6.4, ಮಾಡ್ಯೂಲಿಗೆ ಸಾಕು. ತುಸು ದಪ್ಪ, ತುಸು ಭಾರ, ಆದರೆ ಬೆಂಕಿಯ ವಿಷಯದಲ್ಲಿ ಬಹಳ ಸೌಮ್ಯ. ಪ್ರೊಟೆಕ್ಷನ್ ಬೋರ್ಡೂ ಚಾರ್ಜರೂ ಅದೇ ಜಾತಿಗೆ ಮಾಡಿದ್ದಿರಬೇಕು, ಇವು 3.65 ವೋಲ್ಟಿಗೆ ತುಂಬುತ್ತವೆ, 4.2ಕ್ಕೆ ಅಲ್ಲ.

ಹಳೆ ಲ್ಯಾಪ್‌ಟಾಪ್ ಸೆಲ್ ಈ ಡಬ್ಬಿಗೆ ಬೇಡ. ಅವು ಹೊಸದಿದ್ದಾಗಲೇ ನಿಧಾನವಾಗಿ ಕರೆಂಟ್ ಕೊಡಲು ಮಾಡಿದವು, ವಯಸ್ಸಾದಂತೆ ಒಳಗಿನ ರೆಸಿಸ್ಟೆನ್ಸ್ ಏರಿ ಭಾರಕ್ಕೆ ತಾವೇ ಬಿಸಿಯಾಗುತ್ತವೆ. ಆನ್‌ಲೈನಿನಲ್ಲಿ 9900 ಎಂಎಎಚ್ ಅಂತ ಬರೆದು ಮಾರುವ 18650 ಕೂಡ ಬೇಡ, ಆ ಅಳತೆಯ ಒಳ್ಳೆಯ ಸೆಲ್ ಕೊಡುವುದೇ 3500ರ ಆಸುಪಾಸು. ಲ್ಯಾಪ್‌ಟಾಪ್ ಸೆಲ್‌ಗಳನ್ನು ಬಿಸಾಡಲು ಮನಸ್ಸಿಲ್ಲದಿದ್ದರೆ ಒಂದೊಂದನ್ನೇ ಅಳೆಯಿರಿ. ಬಿಚ್ಚಿದಾಗ 2 ವೋಲ್ಟಿಗಿಂತ ಕೆಳಗಿದ್ದರೆ, ಚಾರ್ಜ್ ಆಗುವಾಗ ಮೈ ಬಿಸಿಯಾದರೆ, ತುಂಬಿಸಿ ಒಂದು ವಾರ ಬಿಟ್ಟಾಗ 4.1ಕ್ಕಿಂತ ಇಳಿದಿದ್ದರೆ ಅದು ಕೆಲಸಕ್ಕೆ ಬಾರದು. ಉಳಿದವನ್ನು ಪ್ರೊಟೆಕ್ಷನ್ ಬೋರ್ಡ್ ಸಹಿತ, ಅಡಿಕೆ ಸುಲಿಯುವ ರಾತ್ರಿಗೆ ಒಂದೇ ಸೆಲ್ಲಿನ ಎಲ್‌ಇಡಿ ದೀಪ ಮಾಡಿಕೊಳ್ಳಿ, ಅರ್ಧ ಆಂಪಿಯರ್ ಒಳಗಿನ ಭಾರ ಅವಕ್ಕೆ ಹೊರೆಯಾಗದು. ತಿರಸ್ಕರಿಸಿದವುಗಳ ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಕಸದ ಒಲೆಗೂ ತೋಟದ ಗುಂಡಿಗೂ ಹಾಕಬೇಡಿ.